ಕೆಸರು ನೀರಿನ ಮನೆ

ಕಡಲಿಗೂ ಹೊಳೆಗೂ ನಡುವಿನ ಪಡುಬೆಂಗ್ರೆಯಲ್ಲಿ ಯಾರ ಮನೆಗೆ ಹೋದರೂ ಮೊದಲು ಕಣ್ಣಿಗೆ ಬೀಳುವುದು ಮೀನಿನ ತೊಟ್ಟಿ. ದೇವರ ಪಟ, ಟಿವಿ, ಮದುವೆಯ ಫೋಟೊ ಎಲ್ಲ ಆಮೇಲೆ. ಲೀಲಕ್ಕನ ಮನೆಯಲ್ಲೂ ಹಾಗೆಯೇ. ಚಾವಡಿಗೆ ಕಾಲಿಟ್ಟ ಕೂಡಲೇ ಎಡಗಡೆಗೆ, ಮಂಚದಷ್ಟು ಉದ್ದದ ಗಾಜಿನ ತೊಟ್ಟಿ. ಆದರೆ ಈ ಮಳೆಗಾಲ ಅದರೊಳಗೆ ಕಾಣುತ್ತಿದ್ದುದು ಬೆಲ್ಲದ ಕಾಫಿಯ ಬಣ್ಣದ ನೀರು. ಆ ನೀರಿನಲ್ಲಿ, ಹವಳದ ಕೊಂಬೆಗಳ ನಡುವೆ, ಮುದ್ದೆಗಟ್ಟಿ ನಿಂತ ಒಂದಿಷ್ಟು ಹಸಿರು ಮಿನುಗು.

"ಮಧ್ಯಾಹ್ನ ಜಲಜಕ್ಕ ಬಂದು ಇದನ್ನು ನೋಡಿದ್ರೆ ಎಂತ ಹೇಳ್ಬಹುದು?" ಲೀಲಕ್ಕ ಸೆರಗಿನ ತುದಿಯಿಂದ ಗಾಜು ಒರೆಸಿದರು. ಕೊಳೆ ಒಳಗಿದ್ದುದರಿಂದ ಒರೆಸಿ ಪ್ರಯೋಜನವಿರಲಿಲ್ಲ. "ಮೀನು ಸಾಕಿದ್ದೀರಾ, ಗದ್ದೆ ಉತ್ತಿದ್ದೀರಾ ಅಂತ ಕೇಳಿಯಾರು."

ಸೊಸೆ ವಾರಿಜಾ ತೊಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ನೀರಿನ ಮೇಲೆ ಚಿಟಿಕೆ ಆಹಾರ ಉದುರಿಸಿ ಕಾಯುತ್ತಿದ್ದಳು. ಯಾವ ಮೀನೂ ಮೇಲೆ ಬರಲಿಲ್ಲ. ಮೊನ್ನೆಯಿಂದ ಹೀಗೆಯೇ.

ಲೀಲಕ್ಕನ ಮಗಳು ರೂಪಕಲಾಳನ್ನು ಈ ಬೇಸಗೆಯಲ್ಲಿ ಮಲ್ಪೆಯ ಕಡೆ ಮದುವೆ ಮಾಡಿ ಕೊಟ್ಟಿದ್ದರು. ಹೊಸ ಮದುಮಗಳು ಆಟಿ, ಅಂದರೆ ಆಷಾಢ ತಿಂಗಳಿಗೆ ತವರಿಗೆ ಬಂದು ಕೂರುವುದು ಇಲ್ಲಿಯ ಪದ್ಧತಿ. ಆಟಿ ಮುಗಿದಿತ್ತು. ಇವತ್ತು ರೂಪಕಲಾಳ ಅತ್ತೆ ಜಲಜಕ್ಕ ತಮ್ಮ ಕಡೆಯ ನಾಲ್ಕು ಜನರ ಜೊತೆ ಬಂದು, ಉಂಡು, ಸೊಸೆಯನ್ನು ಕರೆದುಕೊಂಡು ಹೋಗುವವರಿದ್ದರು. ಕೋರಿ ರೊಟ್ಟಿಯ ಸಾರಿಗೆ ಮೆಣಸು ಹುರಿಯುತ್ತಿದ್ದ ರೂಪಕಲಾ ಒಳಗಿನಿಂದ ಸೀನಿದಳು.

"ಅವರ ಮನೆಯ ತೊಟ್ಟಿ ನೀನೇ ನೋಡಿದ್ದೀಯಲ್ಲ, ಕನ್ನಡಿಯ ಹಾಗೆ ಉಂಟು," ಲೀಲಕ್ಕ ಮುಂದುವರಿಸಿದರು. "ಅಲ್ಲಿಗೆ ಯಾಕೆ ಹೋಗ್ಬೇಕು, ಪಕ್ಕದ ಮನೆಯದ್ದೂ ಹಾಗೇ. ನಮ್ಮದು ಮಾತ್ರ ಹೀಗೆ. ನೀನು ಈ ತೊಟ್ಟಿ ಕೊಟ್ಟ ಇಲಾಖೆಯಲ್ಲೇ ಕೆಲಸಕ್ಕಿರುದು ಬೇರೆ!"

"ಅವರ ಸೋಸುವ ಯಂತ್ರ ಒಳ್ಳೇದಿರ್ಬೇಕು ಅತ್ತೆ. ನಮ್ಮದು ಹಳತು."

ಲೀಲಕ್ಕ ಏನೋ ಹೇಳಲು ಬಾಯಿ ತೆರೆದವರು ಹಾಗೆಯೇ ಮುಚ್ಚಿಕೊಂಡು ಅಡುಗೆಮನೆಗೆ ನಡೆದರು.

ಐಸ್ ಪ್ಲಾಂಟಿನ ಕೆಲಸಕ್ಕೆ ಹೊರಟಿದ್ದ ಗಂಡ ಯಾದವ ಚಪ್ಪಲಿ ಹುಡುಕುತ್ತಾ ಹೆಂಡತಿಯ ಕಡೆ ನೋಡಿದ. "ಮೀನು ಹೆದರುದು ನಿನ್ನನ್ನು ನೋಡಿಯೇ ಮಾರಾಯ್ತಿ. ಬೆಳಿಗ್ಗೆ ಎದ್ದ ಕೂಡ್ಲೇ ಗಾಜಿಗೆ ಮುಖ ಒತ್ತಿ ಕೂತ್ರೆ ನಾನಾದ್ರೂ ಹವಳದ ಒಳಗೆ ಹೊಕ್ಕೇನು."

ನಗೆಯ ಮಾತು. ಆದರೂ ವಾರಿಜಾ ಗಾಜಿನಿಂದ ಸ್ವಲ್ಪ ಹಿಂದೆ ಸರಿದು ಕುಳಿತಳು.

ಊರವರು ಪಚ್ಚೆಮೀನು ಎನ್ನುವ ಈ ಡ್ಯಾಮ್ಸೆಲ್ ಮೀನು ಹೆಬ್ಬೆರಳಿಗಿಂತ ಉದ್ದವಿಲ್ಲ. ಬೆಳಕು ಬಿದ್ದಾಗ ಎಳೆ ಬಾಳೆಯೆಲೆಯ ಹಸಿರು, ತಿರುಗಿದಾಗ ಬೆಳ್ಳಿ. ಗುಂಪಿಲ್ಲದೆ ಬದುಕಲಾರದು; ಗುಂಪಿನಲ್ಲಿದ್ದರೂ ಸುಮ್ಮನಿರದು. ದಿನಕ್ಕೆ ಒಂದೇ ಸಲ ಹೊಟ್ಟೆ ಬಿರಿಯುವಷ್ಟು ಹಾಕಿದರೆ ಬಲವಾದದ್ದು ಎಲ್ಲವನ್ನೂ ತಿಂದು, ಬಡಕಲು ಮೀನನ್ನು ಅಟ್ಟಿಸಿಕೊಂಡು ಹೋಗಿ ಕಚ್ಚಿ, ಒಂದೊಂದಾಗಿ ಮುಗಿಸಿಬಿಡುತ್ತದೆ. ಆದ್ದರಿಂದ ಚೂರುಚೂರೇ, ಮತ್ತೆ ಮತ್ತೆ ಹಾಕಬೇಕು. ನೀರು ಒಂದು ಬದಿಯಿಂದ ಜೋರಾಗಿ ಹರಿಯಬೇಕು. ಅಡಗಲು ಎಲ್ಲಕ್ಕೂ ಸಾಕಾಗುವಷ್ಟು ಕೊಂಬೆ ಇರಬೇಕು. ವಾರಿಜಾ ಇದನ್ನೆಲ್ಲ ಚಾಚೂ ತಪ್ಪದೆ ಮಾಡುತ್ತಿದ್ದಳು. ಗ್ಯಾಸಿನ ಗುಬ್ಬಿ ತಿರುಗಿಸಿದ ಮೇಲೂ ಎರಡು ಸಲ ಬಂದು ನೋಡುವವಳು ಅವಳು. ಗೇಟಿನವರೆಗೆ ಹೋಗಿ, ಬೀಗ ಹಾಕಿದೆನೋ ಇಲ್ಲವೋ ಎಂದು ವಾಪಸು ಬರುವವಳು. ಅವಳ ತೊಟ್ಟಿಯಲ್ಲಿ ಇಲ್ಲಿಯವರೆಗೆ ಒಂದು ಮೀನೂ ಸತ್ತಿರಲಿಲ್ಲ. ಬಾಲ ಹರಿದ ಮರಿಯೊಂದಿತ್ತು, ಅದೂ ಬದುಕಿತ್ತು.

ಊರಿನ ಮನೆಮನೆಗೆ ಈ ಮೀನನ್ನು ಕೊಟ್ಟದ್ದು ಅಂದಕ್ಕಲ್ಲ. ದೂರದ ದಕ್ಷಿಣ ಸಮುದ್ರದಲ್ಲೆಲ್ಲೋ ಬಿರುಗಾಳಿ ಎದ್ದರೆ, ಅಲ್ಲಿಂದ ಹೊರಟ ಅಲೆಗಳು ಸದ್ದಿಲ್ಲದೆ ಸಾವಿರಾರು ಮೈಲಿ ದಾಟಿ ಈ ಕರಾವಳಿಗೆ ಬಂದು ಅಪ್ಪಳಿಸುತ್ತಿದ್ದವು. ಇಲ್ಲಿ ಗಾಳಿಯಿಲ್ಲ, ಮೋಡವಿಲ್ಲ. ಬಟ್ಟೆ ಒಣಹಾಕುವಂತಹ ಬಿಸಿಲಿನಲ್ಲಿ ಕಡಲು ಮನೆಯೊಳಗೆ ನುಗ್ಗುತ್ತಿತ್ತು. ವಾರಿಜಾ ಚಿಕ್ಕವಳಿದ್ದಾಗ ಅವಳ ತವರಿನ ಅಡುಗೆಮನೆ ಹಾಗೆಯೇ ಹೋಗಿತ್ತು, ಒಲೆಯ ಮೇಲಿದ್ದ ಗಂಜಿಯ ಸಮೇತ. ದೊಡ್ಡ ಅಲೆಗಳಿಗಿಂತ ಮುಂಚೆ ಅವುಗಳ ಮುಂಚೂಣಿ ಬರುತ್ತದೆ: ಎತ್ತರವೇ ಇಲ್ಲದ, ತುಂಬ ಉದ್ದದ ಅಲೆಗಳು. ಯಂತ್ರಕ್ಕೆ ಅವು ಸಿಗುವುದು ಕಷ್ಟ. ಅಲೆ ಅಳೆಯುವ ತೇಲುಬುರುಡೆಗಳನ್ನು ಕಡಲಲ್ಲಿ ಕಟ್ಟಿದರೆ ಬಲೆಗೆ ಸಿಕ್ಕಿ ಕಡಿದುಹೋಗುತ್ತಿದ್ದವು. ಆದರೆ ಪಚ್ಚೆಮೀನಿಗೆ ನೀರಿನ ಒತ್ತಡದ ಆ ಸಣ್ಣ ಏರಿಳಿತ ಮೈಮೇಲೆ ಉಸಿರು ತಾಗಿದಂತೆ ಗೊತ್ತಾಗುತ್ತದೆ. ಒಂದು ಮೀನು ಬೆಚ್ಚಿದರೆ ಅದಕ್ಕೆ ನೂರು ಕಾರಣ ಇರಬಹುದು. ಗುಂಪಿಗೆ ಗುಂಪೇ ಒಟ್ಟಿಗೆ ಮುದುಡಿದರೆ ಕಾರಣ ಒಂದೇ.

ಹಾಗಾಗಿ ದಡದಾಚೆಯ ಕಡಲಿನಿಂದ ಕೊಳವೆ ಎಳೆದು ಪ್ರತಿ ಮನೆಗೆ ಕಡಲ ನಲ್ಲಿ ಕೊಟ್ಟರು. ನೀರಿನ ಜೊತೆಗೆ ಕಡಲಿನ ನಾಡಿಯೂ ಆ ಕೊಳವೆಯಲ್ಲಿ ತೊಟ್ಟಿಗೆ ಬರುತ್ತಿತ್ತು. ತೊಟ್ಟಿಯ ಮೇಲೊಂದು ಕ್ಯಾಮೆರಾ. ಮೀನು ಹರಡಿಕೊಂಡಿದೆಯೇ, ಒತ್ತಿಕೊಂಡಿದೆಯೇ ಎಂಬುದನ್ನಷ್ಟೇ ಅದು ಲೆಕ್ಕ ಹಾಕಿ ಹೊಳೆಯಾಚೆಯ ಗುಡ್ಡದ ಮೇಲಿನ ಕಂಟ್ರೋಲ್ ರೂಮಿಗೆ ಕಳಿಸುತ್ತಿತ್ತು. ಅದಕ್ಕೆ ಇಟ್ಟ ಹೆಸರು ಮೀನ್ಗಾವಲು. ವಾರಿಜಾಳ ಕೆಲಸ ಆ ಕಂಟ್ರೋಲ್ ರೂಮಿನಲ್ಲಿ, ನೋಡುತ್ತಾ ಕೂರುವುದು.

*

"ಬಂದ್ರಲ್ಲ, ಬಿಗಿ ಮನೆಯವರು!" ಎಂದ ಮುಸ್ತಫಾ, ಪಕ್ಕದ ಕುರ್ಚಿಯ ಸಹೋದ್ಯೋಗಿ. ಮೀನು ಹರಡಿಕೊಂಡಿದ್ದರೆ ಅವರ ಭಾಷೆಯಲ್ಲಿ 'ಸಡಿಲ', ಒತ್ತಿಕೊಂಡಿದ್ದರೆ 'ಬಿಗಿ'.

ಗೋಡೆಯ ತುಂಬ ಪರದೆ. ಪರದೆಯ ತುಂಬ ಬೆಂಕಿಪೆಟ್ಟಿಗೆಯಷ್ಟು ಚಿಕ್ಕ ಚಿಕ್ಕ ಕಿಟಕಿಗಳು. ಒಂದೊಂದು ಕಿಟಕಿ ಒಂದೊಂದು ಮನೆಯ ತೊಟ್ಟಿ. ಎಲ್ಲೆಲ್ಲೂ ತಿಳಿನೀಲಿ ನೀರು, ಅದರಲ್ಲಿ ಕೊತ್ತಂಬರಿ ಸೊಪ್ಪು ಚೆಲ್ಲಿದಂತೆ ಆರಾಮವಾಗಿ ಹರಡಿದ ಮೀನು. ನೋಡಿದರೆ ಕಣ್ಣು ತಂಪಾಗುವ ಗೋಡೆ. ಅದರ ಮಧ್ಯೆ ಒಂದೇ ಒಂದು ಕಂದು ಕಿಟಕಿ, ಸುತ್ತ ಬೂದು ಗೆರೆ. ಬೂದು ಗೆರೆ ಎಂದರೆ ಆ ಮನೆ ಲೆಕ್ಕಕ್ಕಿಲ್ಲ ಎಂದರ್ಥ. ಅದು ವಾರಿಜಾಳ ಮನೆ.

ಅವಳು ನೇರವಾಗಿ ಮುಖ್ಯಸ್ಥ ರೊಡ್ರಿಗಸ್ ಅವರ ಮೇಜಿಗೆ ಹೋದಳು. "ಸರ್, ಮೂರನೇ ದಿನ ಇವತ್ತು. ಒಂದು ಚೂರೂ ಸಡಿಲ ಆಗ್ಲಿಲ್ಲ. ತಿನ್ನುದೂ ಇಲ್ಲ."

"ನೀರು ನೋಡಿ ವಾರಿಜಾ. ಆ ಕೆಸರಿನಲ್ಲಿ ನಾನಿದ್ರೂ ತಿನ್ಲಿಕ್ಕಿಲ್ಲ."

"ಮಳೆಗಾಲ ಹಿಡಿದಾಗಿಂದ ಕೆಸರೇ ಸರ್. ಕೆಸರಿಗೆ ಅವು ಹೆದರ್ಲಿಲ್ಲ. ಬಿಗಿಯಾದದ್ದು ಮೊನ್ನೆಯಿಂದ."

ರೊಡ್ರಿಗಸ್ ಕೆಟ್ಟವರಲ್ಲ. ಕನ್ನಡಕ ತೆಗೆದು, ಮಗಳಿಗೆ ಲೆಕ್ಕ ಹೇಳಿಕೊಡುವವರ ಹಾಗೆ ನಿಧಾನವಾಗಿ ಮಾತಾಡಿದರು. "ಹೋದ ವರ್ಷ ಏನಾಯ್ತು, ನೆನಪುಂಟಲ್ಲ? ನಿಮ್ಮ ತೊಟ್ಟಿ ಮತ್ತೆ ಇನ್ನು ಹತ್ತಿಪ್ಪತ್ತು ತೊಟ್ಟಿ ಬಿಗಿ ಅಂತ ಸೈರನ್ ಹಾಕಿದೆವು. ಕಡಲು ಮಲಗಿದ ಹಾಗೆ ಮಲಗಿತ್ತು. ಓಡುವಾಗ ಬಿದ್ದು ಒಬ್ಬರು ಅಜ್ಜಿ ಸೊಂಟ ಮುರ್ಕೊಂಡ್ರು. ಹಿಡಿದ ಮೀನೆಲ್ಲ ಬಂದರಿನ ದಕ್ಕೆಯಲ್ಲೇ ಕೊಳೆತುಹೋಯ್ತು. ಇನ್ನೊಂದು ಸಲ ಸುಳ್ಳಾದ್ರೆ ಜನ ಸೈರನ್ ಕೇಳಿ ಮಗ್ಗುಲು ಬದಲಿಸಿ ಮಲಗ್ತಾರೆ. ಅದಕ್ಕೇ ಈಗ ಮೂರರಲ್ಲೊಂದು ಮನೆಯಾದರೂ ಬಿಗಿ ಇರ್ಬೇಕು ಅಂತ ಮಾಡಿದ್ದು." ಅವರು ಗೋಡೆಯ ಕಡೆ ಕೈ ತೋರಿಸಿದರು. "ಇಡೀ ಕರಾವಳಿ ಸಡಿಲ. ಒಂದು ಮನೆ ಬಿಗಿ. ಮೀನು ಸಾಕಿದವರ ಹಾಗೆ ಆಗ್ತದೆ ವಾರಿಜಾ. ಬೇಸರ ಮಾಡ್ಕೊಳ್ಬೇಡಿ."

ಅಷ್ಟರಲ್ಲಿ ಮುಸ್ತಫಾ ಕುರ್ಚಿಯಲ್ಲೇ ತಿರುಗಿದ. "ವಾರಿಜಕ್ಕ, ಇಲ್ಲಿ ನೋಡಿ ಒಮ್ಮೆ!"

ಕಂದು ಕಿಟಕಿಯಲ್ಲಿ ಹಸಿರು ಮುದ್ದೆ ಬಿಚ್ಚಿಕೊಳ್ಳುತ್ತಿತ್ತು. ನೀರು ಇನ್ನೂ ಅದೇ ಕೆಸರು. ಮೊದಲು ಒಂದು ಮೀನು ಕೊಂಬೆಯಿಂದ ಹೊರಗೆ ಬಂತು, ಆಮೇಲೆ ಎರಡು, ಆಮೇಲೆ ಎಲ್ಲವೂ. ಬೆಳಿಗ್ಗೆ ಹಾಕಿದ ಆಹಾರದ ಚೂರನ್ನು ಹುಡುಕಿಕೊಂಡು ನೀರಿನ ಮೇಲ್ಗಡೆಗೆ ಏರಿದವು.

"ನೀವು ಮನೆಯಿಂದ ಹೊರಟ್ರಿ, ಅವುಗಳಿಗೆ ರಜೆ ಸಿಕ್ಕಿತು," ಎಂದು ಮುಸ್ತಫಾ ನಕ್ಕ. ಆಚೆ ಮೇಜಿನವರೂ ನಕ್ಕರು.

ವಾರಿಜಾ ಪರದೆಯ ಹತ್ತಿರ ಹೋಗಿ ನಿಂತಳು. ಯಾದವ ಹೇಳಿದ್ದು ತಮಾಷೆಯಲ್ಲವೇನೋ. ತಾನು ದಿನವೂ ಗಾಜಿಗೆ ಮುಖವಿಟ್ಟು, ಉಸಿರು ಬಿಗಿಹಿಡಿದು, ಅವುಗಳಿಗೆ ತನ್ನ ದಿಗಿಲನ್ನೇ ಚಿಟಿಕೆ ಚಿಟಿಕೆಯಾಗಿ ಉಣ್ಣಿಸಿದೆನೋ ಏನೋ.

"ಇವತ್ತು ಮನೆಗೆ ನೆಂಟರು ಬರುವವರಿದ್ದಾರಲ್ಲ?" ಎಂದರು ರೊಡ್ರಿಗಸ್ ಮೆತ್ತಗೆ. "ಅರ್ಧ ದಿನ ರಜೆ ತಗೊಳ್ಳಿ. ಹೋಗಿ, ಅವರ ಜೊತೆ ಊಟ ಮಾಡಿ."

*

ಫೆರಿ ದೋಣಿಯಲ್ಲಿ ಹೊಳೆ ದಾಟುವಾಗ ಮಳೆ ಬಿಟ್ಟಿತ್ತು. ಬಿಸಿಲು ಬಿದ್ದಿತ್ತು. ಹೊಳೆ ಕಡಲು ಸೇರುವ ಅಳಿವೆಯಾಚೆ ಕಡಲು ಎಣ್ಣೆ ಸವರಿದಂತೆ ನುಣ್ಣಗಿತ್ತು. ಎಲ್ಲರಿಗೂ ಖುಷಿ ಕೊಡುವ ಅಂತಹ ಬಿಸಿಲು ವಾರಿಜಾಳಿಗೆ ಎಂದೂ ಹಿಡಿಸಿದ್ದಿಲ್ಲ.

ಅವಳು ಮನೆ ಮುಟ್ಟಿದಾಗ ಜಲಜಕ್ಕ ಮತ್ತು ಅವರ ಕಡೆಯವರು ಆಗಲೇ ಚಾವಡಿಯಲ್ಲಿ ಕುಳಿತಿದ್ದರು. ಲೀಲಕ್ಕನ ಮುಖದ ತುಂಬ ನಗುವಿತ್ತು.

"ಬಾ ವಾರಿಜಾ. ನಿನ್ನ ಮೀನುಗಳನ್ನೇ ನೋಡ್ತಾ ಇದ್ದೆವು," ಎಂದರು ಜಲಜಕ್ಕ. "ಎಷ್ಟು ಚಂದ ಸಾಕಿದ್ದೀ! ನಮ್ಮಲ್ಲಿ ಈಗ ಉಳಿದದ್ದೇ ಮೂರು. ಒಂದು ರೌಡಿ ಉಂಟು, ಬೇರೆಯವನ್ನು ಬದುಕ್ಲಿಕ್ಕೆ ಬಿಡುದಿಲ್ಲ."

ವಾರಿಜಾ ತೊಟ್ಟಿಯ ಕಡೆ ತಿರುಗಿದಳು. ಕೆಸರು ಕೆಳಗಿಳಿದು ನೀರು ತಿಳಿಯಾಗಿತ್ತು. ಹವಳದ ಗುಲಾಬಿ ತುದಿಗಳು ಕಾಣುತ್ತಿದ್ದವು. ಅದರ ಮೇಲೆ ಪಚ್ಚೆಮೀನುಗಳು ಸಾಲಿಲ್ಲದ ಸಾಲಿನಲ್ಲಿ ತೇಲುತ್ತಿದ್ದವು. ಬಾಲ ಹರಿದದ್ದೂ ಅವುಗಳ ಜೊತೆಗಿತ್ತು. ಎಂಥ ಚಂದ! ಒಂದು ಕ್ಷಣ ಅವಳೂ ಅದನ್ನಷ್ಟೇ ನೋಡಿದಳು.

ಆಮೇಲೆ ಹತ್ತಿರ ಹೋದಳು. ಎದೆ ಹೊಡೆದುಕೊಳ್ಳುತ್ತಲೇ ಇತ್ತು. ಗಾಜಿಗೆ ಮುಖ ಒತ್ತಿ ಹಿಡಿದಳು, ಬೇಕೆಂದೇ. ಮೀನು ಬೆಚ್ಚಲಿಲ್ಲ. ಬಾಲ ಹರಿದ ಮರಿ ಅವಳ ಮೂಗಿನ ನೇರಕ್ಕೆ ಬಂದು ನಿಂತು, ಎಂದಿನಂತೆ ಊಟ ಕೇಳುವ ಹಾಗೆ ಬಾಯಿ ಆಡಿಸಿತು.

ಇವಕ್ಕೆ ನನ್ನ ಭಯ ತಾಗಿಯೇ ಇಲ್ಲ.

ಹಾಗಾದರೆ ಮೂರು ದಿನದಿಂದ ತಾಗುತ್ತಿದ್ದದ್ದು ಏನು? ಇವತ್ತು ನಿಂತದ್ದು ಏನು? ನೆಂಟರ ಮುಂದೆ ನೆಲಕ್ಕೆ ಮಂಡಿಯೂರಿ, ತೊಟ್ಟಿಯ ಕೆಳಗಿನ ಬಾಗಿಲು ತೆರೆದು ಅವಳು ಕೈಯಾಡಿಸಿದಳು. ಕಡಲ ನಲ್ಲಿಯ ಹಿಡಿ ಅಡ್ಡಕ್ಕೆ ತಿರುಗಿತ್ತು. ಮುಚ್ಚಿತ್ತು.

"ಅತ್ತೆ, ಒಮ್ಮೆ ಒಳಗೆ ಬನ್ನಿ."

ಅಡುಗೆಮನೆಯಲ್ಲಿ ಲೀಲಕ್ಕ ಸಿಟ್ಟಿನಿಂದಲೇ ಶುರು ಮಾಡಿದರು. "ಹೌದು, ನಾನೇ ಮುಚ್ಚಿದ್ದು. ನೀನು ಹೋದ ಮೇಲೆ. ಏನೀಗ? ನಾಲ್ಕು ಗಂಟೆ ಹೊತ್ತು. ಅವರು ಹೋದ ಕೂಡ್ಲೇ ತೆರೀತೇನೆ."

"ಮುಚ್ಚಿದ್ರೆ ನೀರು ತಿಳಿಯಾಗ್ತದೆ ಅಂತ ನಿಮಗೆ ಯಾರು ಹೇಳಿದ್ದು?"

ಲೀಲಕ್ಕ ಸೊಸೆಯ ಮುಖ ನೋಡಲಿಲ್ಲ. ಸಾರಿನ ಪಾತ್ರೆಯ ಮುಚ್ಚಳ ಎತ್ತಿ ಮತ್ತೆ ಮುಚ್ಚಿದರು. "ಊರಿಗೇ ಗೊತ್ತುಂಟು. ನಿನಗೆ ಹೇಳ್ಬಾರ್ದು ಅಂತ ಅಷ್ಟೇ. ನೀನು ಇಲಾಖೆಯವಳಲ್ವಾ, ದಂಡ ಹಾಕ್ತೀಯ ಅಂತ ಅವರಿಗೆ ಹೆದರಿಕೆ."

"ಯಾರ್ಯಾರ ಮನೆಯಲ್ಲಿ ಮುಚ್ಚಿದ್ದಾರೆ ಅತ್ತೆ?"

"ಯಾರ ಮನೆಯಲ್ಲಿ ಮುಚ್ಚಿಲ್ಲ ಅಂತ ಕೇಳು. ಮಳೆಗಾಲದಲ್ಲಿ ಆ ಕೆಸರನ್ನು ಚಾವಡಿಯಲ್ಲಿ ಇಟ್ಕೊಂಡು ಕೂರುದು ಯಾರು? ಮಲ್ಪೆಯಲ್ಲೂ ಹಾಗೇ, ರೂಪನೇ ಹೇಳಿದ್ದು. ಗಣೇಶ ಚೌತಿ ಕಳೆದು ಕಡಲು ತಿಳಿಯಾದ ಮೇಲೆ ತೆರೀತಾರೆ."

ವಾರಿಜಾ ಗೋಡೆಗೆ ಒರಗಿದಳು. ಅವಳ ಕಣ್ಣ ಮುಂದೆ ಕಂಟ್ರೋಲ್ ರೂಮಿನ ಆ ಗೋಡೆ ಬಂತು. ತಿಳಿನೀಲಿ, ತಿಳಿನೀಲಿ, ತಿಳಿನೀಲಿ. ಎರಡು ತಿಂಗಳಿನಿಂದ ದಿನಾ ನೋಡಿದ್ದಾಳೆ. ಕಣ್ಣು ತಂಪು ಮಾಡಿಕೊಂಡಿದ್ದಾಳೆ. ಜೋರು ಮಳೆಗಾಲದಲ್ಲಿ ಪಡುವಣ ಕಡಲು ಇಷ್ಟು ತಿಳಿ ಹೇಗಿದ್ದೀತು ಎಂದು ಒಂದು ದಿನವೂ, ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಗ್ಯಾಸಿನ ಗುಬ್ಬಿಯನ್ನು ಎರಡೆರಡು ಸಲ ನೋಡುವವಳು.

"ಅತ್ತೆ, ನಾನು ಕಂಟ್ರೋಲ್ ರೂಮಿನಿಂದ ಫೋನ್ ಮಾಡ್ತೇನೆ, ಅಲ್ಲಿಯವರೆಗೆ ನಲ್ಲಿ ಮುಟ್ಬೇಡಿ. ಮಾಡಿದ ಕೂಡ್ಲೇ ಎತ್ತಿ. ಬೇರೆ ಏನೂ ಕೇಳ್ಬೇಡಿ."

"ಊಟಕ್ಕೆ ಎಲೆ ಹಾಕಿ ಆಯ್ತಲ್ಲ! ಬೀಗರು ಏನಂದ್ಕೊಳ್ಬೇಕು?"

ಆದರೆ ವಾರಿಜಾ ಹಿಂಬಾಗಿಲಿನಿಂದ ಓಡಿಯಾಗಿತ್ತು. ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ರೂಪಕಲಾಳದ್ದು.

*

"ಒಂದು ನಿಮಿಷ ಉಸಿರು ತಗೊಳ್ಳಿ," ಎಂದರು ರೊಡ್ರಿಗಸ್.

"ಬೇಡ ಸರ್. ಆ ಗೋಡೆ ನೋಡಿ. ಮೀನು ನೋಡ್ಬೇಡಿ, ನೀರು ನೋಡಿ. ಆಮೇಲೆ ಕಿಟಕಿಯಿಂದ ಹೊರಗೆ ಕಡಲು ನೋಡಿ."

ರೊಡ್ರಿಗಸ್ ನೋಡಿದರು. ಕಿಟಕಿಯಾಚೆ, ಅಳಿವೆಯ ಬಾಯಿಯಿಂದ ಹೊಳೆಯ ಕೆಸರು ಮೈಲಿಗಟ್ಟಲೆ ಕಡಲಿಗೆ ಹರಡಿ, ಕಣ್ಣು ಹೋದಷ್ಟು ದೂರವೂ ನೀರು ಮಣ್ಣಿನ ಬಣ್ಣ. ಒಳಗೆ, ಗೋಡೆಯ ಮೇಲೆ, ಇಡೀ ಕರಾವಳಿಯ ತೊಟ್ಟಿಗಳಲ್ಲಿ ಗಾಜಿನಂತಹ ನೀರು. ಅವರು ಎರಡನ್ನೂ ಎರಡೆರಡು ಸಲ ನೋಡಿ ಕುರ್ಚಿಯಲ್ಲಿ ಕುಳಿತರು.

"ನಲ್ಲಿ ಮುಚ್ಚಿದ್ದಾರೆ," ಎಂದಳು ವಾರಿಜಾ. "ಎಲ್ಲರೂ. ನಾವು ನೋಡ್ತಾ ಇರುದು ಕಡಲನ್ನಲ್ಲ ಸರ್. ಇಷ್ಟು ಮನೆಯ ಚಾವಡಿಗಳನ್ನು."

"ಯಾ ಅಲ್ಲಾ," ಎಂದ ಮುಸ್ತಫಾ. ಈ ಸಲ ಅವನು ನಗಲಿಲ್ಲ. "ನಮ್ಮ ಮನೆಯಲ್ಲೂ ಮುಚ್ಚಿರ್ಬೇಕು. ನನ್ನ ಹೆಂಡತಿ ಹೊಸ ಸೋಸುಯಂತ್ರ ತಂದೆ ಅಂದಿದ್ಲು."

ವಾರಿಜಾ ಮನೆಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. ತಟ್ಟೆ, ಮಾತು, ನಗುವಿನ ಸದ್ದಿನ ನಡುವೆ ಲೀಲಕ್ಕನ ಧ್ವನಿ: "ಹಲೋ, ಎಲ್ಲಿ ಹೋದದ್ದು ನೀನು?"

"ಅತ್ತೆ, ನಲ್ಲಿ ತೆರೀರಿ."

"ಈಗವಾ? ಜಲಜಕ್ಕ ತೊಟ್ಟಿಯ ಎದುರೇ ಊಟಕ್ಕೆ ಕೂತಿದ್ದಾರೆ."

"ಈಗಲೇ ಅತ್ತೆ. ಪೂರ್ತಿ."

ಲೀಲಕ್ಕ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡಿದರೆಂದು ಕಾಣುತ್ತದೆ, ಧ್ವನಿ ಸಣ್ಣದಾಯಿತು. "ವಾರಿಜಾ, ನನ್ನ ಮರ್ಯಾದೆ ಉಂಟು ಇದರಲ್ಲಿ. ಮಗಳನ್ನು ಕೊಟ್ಟ ಮನೆಯವರು. ನಿಜವಾಗಿ ಬೇಕಾ?"

ವಾರಿಜಾ ಏನು ಹೇಳಬೇಕೆಂದು ಹುಡುಕಿದಳು. ಅಲೆಯ ಉದ್ದ, ಕೊಳವೆಯ ಒತ್ತಡ ಯಾವುದೂ ಬಾಯಿಗೆ ಬರಲಿಲ್ಲ. "ನಮ್ಮ ತವರಿನ ಒಲೆ ಹೋದ ದಿವಸವೂ ಇಂಥದ್ದೇ ಬಿಸಿಲು ಅತ್ತೆ," ಎಂದಳು.

ಫೋನನ್ನು ಎಲ್ಲೋ ಇಟ್ಟ ಸದ್ದು. ಆಮೇಲೆ ಲೀಲಕ್ಕನ ಧ್ವನಿ, ಈಗ ದೊಡ್ಡದಾಗಿ, ಚಾವಡಿಗೆಲ್ಲ ಕೇಳುವಂತೆ: "ಜಲಜಕ್ಕ, ಎಲೆ ಸ್ವಲ್ಪ ಆಚೆ ಎಳ್ಕೊಳ್ಳಿ. ನಾನು ಕೆಸರು ನೀರು ಬಿಡ್ತಾ ಇದ್ದೇನೆ. ಎಂತಕ್ಕೆ ಕೇಳ್ಬೇಡಿ. ಸೊಸೆ ಹೇಳಿದ್ದಾಳೆ."

ಬೂದು ಗೆರೆಯ ಕಿಟಕಿಯಲ್ಲಿ ಮೂಲೆಯಿಂದ ಕಂದು ಹೊಗೆ ಎದ್ದು ತಿಳಿನೀರನ್ನು ನುಂಗಿತು. ಮೀನುಗಳು ಚದುರಿದವು, ಸುತ್ತಿದವು, ಒಂದಾಗಿ ಕೊಂಬೆಗೆ ನುಗ್ಗಿದವು. ಮುಷ್ಟಿ ಹಿಡಿದಂತೆ.

"ನೀರು ನುಗ್ಗಿದ್ದಕ್ಕೆ ಬೆಚ್ಚಿರ್ಬಹುದು," ಎಂದರು ರೊಡ್ರಿಗಸ್. ಅವರ ಧ್ವನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ. "ಮತ್ತೆ ಅದು ಒಂದೇ ಮನೆ."

"ಹಾಗಾದ್ರೆ ಬೇರೆ ಮನೆಗಳಿಗೆ ಹೇಳುವ."

ಎಲ್ಲರೂ ಫೋನು ಹಿಡಿದರು. ಸುಲಭವಾಗಿರಲಿಲ್ಲ. "ನಮ್ಮದು ಮುಚ್ಚಿಯೇ ಇಲ್ಲ ಮಾರಾಯ್ರೆ," ಎಂದರು ಉಳ್ಳಾಲದಿಂದ ಒಬ್ಬರು. "ದಂಡ ಎಷ್ಟು ಅಂತ ಮೊದ್ಲು ಹೇಳಿ," ಎಂದರು ಇನ್ನೊಬ್ಬರು. ಕಾಪುವಿನ ಹೆಂಗಸೊಬ್ಬಳು ತನ್ನ ಮನೆಗೆ ಸೋಸುಯಂತ್ರ ದುಬೈಯಿಂದ ಬಂದದ್ದೆಂದು ಹಟ ಹಿಡಿದಳು. ಮುಸ್ತಫಾ ಆಣೆ ಹಾಕಿದ, ಬೇಡಿಕೊಂಡ, ಕೊನೆಗೆ ಸ್ವಂತ ಹೆಂಡತಿಗೆ ಗದರಿದ. ಅವಳು ತಿರುಗಿ ಗದರಿ ಫೋನಿಟ್ಟಳು.

ವಾರಿಜಾ ಮುಂದಿನ ನಂಬರು ಒತ್ತಿದಳು. "ಅಕ್ಕಾ, ನಾನು ಪಡುಬೆಂಗ್ರೆಯ ವಾರಿಜಾ, ಇಲಾಖೆಯವಳು. ನಮ್ಮ ಮನೆಯಲ್ಲೂ ನಲ್ಲಿ ಮುಚ್ಚಿದ್ದೆವು, ನೆಂಟರು ಬರ್ತಾರೆ ಅಂತ. ಈಗ ತೆರೆದೆವು. ನೀವೂ ಒಮ್ಮೆ ತೆರೀತೀರಾ?"

ಆ ಕಡೆ ಹಗುರಾದ ಉಸಿರು. "ನಿಮ್ಮದ್ರಲ್ಲೂ ಹಾಗೇನಾ? ಆಯ್ತು, ತೆರೀತೇನೆ."

ಉಳಿದವರೂ ಅದನ್ನೇ ಹೇಳತೊಡಗಿದರು. ನಮ್ಮ ಮನೆಯಲ್ಲೂ ಮುಚ್ಚಿದ್ದೆವು. ಗೋಡೆಯ ಮೇಲೆ ಕಂದು ಕಲೆಗಳು ಮೂಡಿದವು, ಉಳ್ಳಾಲದಲ್ಲೊಂದು, ಸುರತ್ಕಲ್ಲಿನಲ್ಲೆರಡು, ಹೆಜಮಾಡಿಯಲ್ಲಿ ಒಂದು ಸಾಲು. ತಿಳಿನೀಲಿ ಗೋಡೆ ನೋಡನೋಡುತ್ತಾ ಕೊಳೆಯಾಯಿತು. ನೀರು ನುಗ್ಗಿದ ಕೂಡಲೇ ಎಲ್ಲ ಮೀನೂ ಬೆಚ್ಚಿದವು. ಆಮೇಲೆ, ರೊಡ್ರಿಗಸ್ ಹೇಳಿದಂತೆಯೇ, ಸ್ವಲ್ಪ ಸಡಿಲವಾದವು.

"ನೋಡಿದ್ರಾ?" ಎಂದರು ಅವರು.

"ಕಾಯಿರಿ ಸರ್."

ಮತ್ತೆ ಬಿಗಿ. ಈ ಸಲ ಎಲ್ಲ ಕಂದು ಕಿಟಕಿಗಳಲ್ಲೂ ಒಟ್ಟಿಗೆ. ಸ್ವಲ್ಪ ಸಡಿಲ. ಮತ್ತೆ ಬಿಗಿ, ಮೊದಲಿಗಿಂತ ಗಟ್ಟಿಯಾಗಿ. ಒಂದರ ಮುಖ ಒಂದು ನೋಡದ ಮನೆಗಳು, ಒಂದರ ಹೆಸರು ಒಂದಕ್ಕೆ ಗೊತ್ತಿಲ್ಲದ ಊರುಗಳು. ಎಲ್ಲದರೊಳಗಿನ ಮೀನೂ ಒಂದೇ ತಾಳಕ್ಕೆ ಮುದುಡುತ್ತಿದ್ದವು. ಗೋಡೆಯೇ ಉಸಿರಾಡುತ್ತಿತ್ತು. ನಿಧಾನವಾದ, ತುಂಬ ಉದ್ದದ ಉಸಿರು. ಮಾತಾಡುತ್ತಿದ್ದವರೆಲ್ಲ ಫೋನು ಕೆಳಗಿಳಿಸಿದರು.

ಬಿಗಿಯಾದ ಮನೆಗಳು ಇನ್ನೂ ಮೂರರಲ್ಲೊಂದು ಆಗಿರಲಿಲ್ಲ. ರೊಡ್ರಿಗಸ್ ಎದ್ದು ಹೋಗಿ ಸೈರನ್ನಿನ ಗುಂಡಿಯ ಮೇಲಿನ ಗಾಜಿನ ಮುಚ್ಚಳ ಎತ್ತಿದರು. ಒತ್ತುವ ಮೊದಲು ವಾರಿಜಾಳ ಕಡೆ ಒಮ್ಮೆ ತಿರುಗಿದರು. ಅವಳು ಗೋಡೆಯಿಂದ ಕಣ್ಣು ತೆಗೆಯದೆ ತಲೆಯಾಡಿಸಿದ್ದನ್ನು ನೋಡಿ, ಒತ್ತಿದರು.

*

ಬಿಸಿಲು ಇದ್ದಂತೆಯೇ ಕಡಲು ಬಂತು.

ಪಡುಬೆಂಗ್ರೆಯ ಜನ ಅಷ್ಟು ಹೊತ್ತಿಗೆ ಊರ ನಡುವೆ ಕಂಬಗಳ ಮೇಲೆ ಕಟ್ಟಿದ ಆಸರೆಮನೆ ಹತ್ತಿಯಾಗಿತ್ತು. ಬೈದುಕೊಂಡೇ ಹತ್ತಿದರು. ಆದರೆ ಚಾವಡಿಯಲ್ಲಿ ಕೆಸರಾದ ತೊಟ್ಟಿಯನ್ನು, ಅದರಲ್ಲಿ ಮುದ್ದೆಗಟ್ಟಿದ ಮೀನನ್ನು ಅವರೇ ಕಣ್ಣಾರೆ ನೋಡಿದ್ದರಿಂದ ಯಾರೂ ಮನೆಯಲ್ಲಿ ಉಳಿಯಲಿಲ್ಲ. ಐಸ್ ಪ್ಲಾಂಟಿನಿಂದ ಓಡಿಬಂದ ಯಾದವ ಪಕ್ಕದ ಮನೆಯ ಅಜ್ಜಿಯನ್ನು ಹೊತ್ತು ತಂದ. ಜಲಜಕ್ಕ ಊಟದ ಕೈ ತೊಳೆಯದೆ ಹತ್ತಿದರು. ಲೀಲಕ್ಕ ಕೋಳಿಸಾರಿನ ಪಾತ್ರೆಯನ್ನು ಸೊಂಟದ ಮೇಲಿಟ್ಟುಕೊಂಡು ಹತ್ತಿದರು. ಆ ಸಂಜೆ ಬೀಗರಿಗೆ, ಮತ್ತು ಇನ್ನೂ ಸುಮಾರು ಜನರಿಗೆ, ಅಲ್ಲಿಯೇ ಬಡಿಸಿದರು. ಕೆಳಗೆ ಕಡಲು ಸದ್ದಿಲ್ಲದೆ ಏರಿ, ಮನೆಗಳ ನಡುವೆ ನಡೆದುಕೊಂಡು ಹೋಗಿ, ಹೊಳೆಗೆ ಇಳಿಯಿತು. ಮುಂದಿನ ಸಾಲಿನ ಮನೆಗಳು ಉಳಿಯಲಿಲ್ಲ. ದೋಣಿಗಳು ತೆಂಗಿನ ಬುಡಕ್ಕೆ ಸಿಕ್ಕಿ ಮುರಿದವು. ಜನ ಎಲ್ಲರೂ ಇದ್ದರು.

ಮರುದಿನ ವಾರಿಜಾ ಮನೆಗೆ ಹೋದಾಗ ಚಾವಡಿಯಲ್ಲಿ ಮೊಣಕಾಲೆತ್ತರ ಮರಳಿತ್ತು. ತೊಟ್ಟಿಯ ಮುಂದಿನ ಗಾಜು ಒಡೆದಿತ್ತು. ಅವಳು ಮರಳಿನಲ್ಲಿ ಕೈಯಾಡಿಸುತ್ತಾ ಬಹಳ ಹೊತ್ತು ಕುಳಿತಳು. ಹವಳದ ಒಂದು ಕೊಂಬೆ ಸಿಕ್ಕಿತು. ಮೀನು ಒಂದೂ ಸಿಗಲಿಲ್ಲ, ಬಾಲ ಹರಿದದ್ದೂ.

ಲೀಲಕ್ಕ ಬಂದು ಅವಳ ಪಕ್ಕದಲ್ಲಿ ಮರಳಿನ ಮೇಲೆಯೇ ಕುಳಿತರು. "ನಿನ್ನೆ ಬೆಳಿಗ್ಗೆ ಒಳ್ಳೇ ತಿಂದಿದ್ದವು," ಎಂದರು. "ನಾನು ಮುಚ್ಚಿದ ಮೇಲೆ. ಅಷ್ಟಾದ್ರೂ ಆಯ್ತು." ಅತ್ತೆ ಹೇಳುತ್ತಿರುವುದು ಸಮಾಧಾನವೋ ಕ್ಷಮೆಯೋ ವಾರಿಜಾಳಿಗೆ ತಿಳಿಯಲಿಲ್ಲ. ಅವಳು ಅವರ ಕೈಮೇಲೆ ಮರಳು ಮೆತ್ತಿದ ತನ್ನ ಕೈ ಇಟ್ಟಳು.

*

ಮರುವರ್ಷದ ಮಳೆಗಾಲಕ್ಕೆ ಹೊಸ ತೊಟ್ಟಿ ಇತ್ತು, ಹೊಸ ಮರಿಗಳಿದ್ದವು. ಆಟಿಯ ಒಂದು ಮಧ್ಯಾಹ್ನ ಜಲಜಕ್ಕ ರೂಪಕಲಾಳನ್ನೂ ಹಸುಗೂಸನ್ನೂ ಕರೆದುಕೊಂಡು ಬಂದರು. ಲೀಲಕ್ಕ ಮಗುವನ್ನು ಎತ್ತಿಕೊಳ್ಳುವ ಮೊದಲೇ ತೊಟ್ಟಿ ತೋರಿಸಿದರು. "ನೋಡಿ ಜಲಜಕ್ಕ. ಕೈ ಹಾಕಿದ್ರೆ ಬೆರಳು ಕಾಣುದಿಲ್ಲ. ಅಷ್ಟು ಕೆಸರು."

"ನಮ್ಮದು ಇದಕ್ಕಿಂತ ಕೆಸರು," ಎಂದರು ಜಲಜಕ್ಕ ಬಿಟ್ಟುಕೊಡದೆ. "ಮೀನಿದ್ದದ್ದೇ ಗೊತ್ತಾಗುದಿಲ್ಲ."

ಎಲ್ಲರೂ ನಕ್ಕರು. ವಾರಿಜಾಳೂ ನಕ್ಕಳು. ನಗುತ್ತಿದ್ದ ಹಾಗೆಯೇ ಅವಳ ತಲೆಯಲ್ಲಿ ಹೊಸದೊಂದು ಹುಳ ಹೊಕ್ಕಿತು: ಕೆಸರೇ ಮರ್ಯಾದೆ ಎಂದಾದರೆ, ನಾಳೆ ಯಾರಾದರೂ ನಲ್ಲಿ ಮುಚ್ಚಿ ಅಂಗಳದ ಮಣ್ಣು ಒಂದು ಹಿಡಿ ಹಾಕಿಬಿಟ್ಟರೆ? ಗೋಡೆಯ ಮೇಲೆ ಅದು ಹೇಗೆ ಕಾಣುತ್ತದೆ? ನಾಳೆ ರೊಡ್ರಿಗಸ್ ಸರ್ ಹತ್ತಿರ ಹೇಳಬೇಕು. ಇವತ್ತೇ ಹೇಳಬೇಕು.

ನೆಂಟರು ಊಟಕ್ಕೆ ಎದ್ದ ಮೇಲೆ ಅವಳು ತೊಟ್ಟಿಯ ಮುಂದೆ ಕುಳಿತು ಚಿಟಿಕೆ ಆಹಾರ ಉದುರಿಸಿದಳು. ಕಂದು ನೀರಿನೊಳಗಿನಿಂದ ಹಸಿರು ಮಿನುಗುಗಳು ಒಂದೊಂದಾಗಿ ಮೇಲೆದ್ದು, ತೊಟ್ಟಿಯ ಉದ್ದಕ್ಕೂ ಹರಡಿಕೊಂಡವು. ಸಡಿಲ. ಗಾಜಿಗೆ ಮುಖ ಒತ್ತಿದಳು; ಅವು ಕ್ಯಾರೇ ಅನ್ನಲಿಲ್ಲ. ಅವಳ ದಿಗಿಲು ಅವಳ ಬಳಿಯೇ ಇತ್ತು, ಅವುಗಳ ನೆಮ್ಮದಿ ಅವುಗಳ ಬಳಿ. ಕಡಲು ಈ ಹೊತ್ತು ಮಲಗಿತ್ತು.

ಕೆಳಗಿನ ಬಾಗಿಲು ತೆರೆದು ನಲ್ಲಿ ಮುಟ್ಟಿ ನೋಡಿದಳು. ಹಿಡಿ ನೆಟ್ಟಗಿತ್ತು, ಪೂರ್ತಿ ತೆರೆದಿತ್ತು. ಬಾಗಿಲು ಮುಚ್ಚಿ ಎದ್ದು ಅಡುಗೆಮನೆಯವರೆಗೆ ಹೋದಳು. ಅಲ್ಲಿಂದ ವಾಪಸು ಬಂದು, ಬಗ್ಗಿ, ಇನ್ನೊಮ್ಮೆ ಮುಟ್ಟಿ ನೋಡಿದಳು.